ಅಂಟುವಾಳದ ನೊರೆ

ಹೊಳೆ ನಡಿಗೆಯ ಕೆಲಸಕ್ಕೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಉಂಬಳದ ವಿಷಯ. ಉಂಬಳಕ್ಕೆ ಹೆದರಬೇಡಿ. ರಕ್ತ ಹೀರಿ ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ಬಿಟ್ಟು ಹೋಗುತ್ತದೆ. ಆಮೇಲೆ ಹಾವಿನ ವಿಷಯ ಕೇಳುತ್ತಾರೆ, ಕೊನೆಗೆ ದನಿ ತಗ್ಗಿಸಿ ಸಂಬಳದ ವಿಷಯ. ಒಂಟಿತನದ ಬಗ್ಗೆ ಇದುವರೆಗೆ ಒಬ್ಬರೂ ಕೇಳಿಲ್ಲ. ಒಂದು ಹಿಂಡು ಹುಡುಗ ಹುಡುಗಿಯರ ಜೊತೆ ಹೊಳೆಯುದ್ದಕ್ಕೂ ನಡೆಯುವವಳಿಗೆ ಒಂಟಿತನ ಎಲ್ಲಿಂದ ಬರಬೇಕು ಎಂದು ಅವರ ಅಂದಾಜು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿವೃತ್ತಳಾದ ಮೇಲೆ ಸಮಯಕ್ಕಂತೂ ಬರವಿಲ್ಲ.

ಶಿರಸಿಯ ಒಂದು ಸಣ್ಣ ಸಂಸ್ಥೆಯಲ್ಲಿ ನಾನಿದ್ದೆ. ಪ್ರತಿ ವರ್ಷ ಮಳೆಗಾಲ ಮುಗಿದು ಹೊಳೆ ಇಳಿದ ಮೇಲೆ ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳ ಹೊಳೆಗಳ ಗುಂಟ ನಡೆಯುವುದು, ನೀರು ಆರೋಗ್ಯವಾಗಿದೆಯೇ ಎಂದು ನೋಡುವುದು, ದಂಡೆಯ ಮೇಲಿನ ಪ್ರಾಣಿ ಪಕ್ಷಿಗಳ ಗುರುತು ಹುಡುಕುವುದು ನಮ್ಮ ಕೆಲಸ. ಸಂಸ್ಥೆ ಕಟ್ಟಿದವರು ವೆಂಕಟರಮಣ ಸರ್, ಪ್ರಾಣಿಶಾಸ್ತ್ರದ ಅಧ್ಯಾಪಕರಾಗಿದ್ದವರು. ಕೆಲಸ ಕೇಳಲು ಹೋದ ದಿನ ನನ್ನ ಅರ್ಜಿಯನ್ನು ಓದಿ, "ಭಾಗೀರಥಿ. ಹೆಸರಲ್ಲೇ ಹೊಳೆ ಇದೆ. ಮನೇಲಿ ಯಾರ್ಯಾರು?" ಎಂದು ಕೇಳಿದರು. ಗಂಡ ತೀರಿಹೋಗಿ ಎರಡು ವರ್ಷ ಆಗಿತ್ತು, ಮಕ್ಕಳಿರಲಿಲ್ಲ. ಹಾಗೆಯೇ ಹೇಳಿದೆ. "ಹಾಗಾದ್ರೆ ಈ ಕೆಲಸಕ್ಕೆ ನೀನೇ ಸರಿ. ಮನೆಗೆ ಬಾ ಅಂತ ಕರೆಯೋರು ಯಾರೂ ಇಲ್ಲ" ಎಂದರು. ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಆದರೂ ಆ ಮಾತು ನನ್ನ ಜೊತೆಗೇ ಉಳಿಯಿತು.

ನನ್ನ ಪಾಲಿಗೆ ಬಂದದ್ದು ಸಾಲಿನ ಕೊನೆ. ಸರ್ ಮುಂದೆ ನಡೆಯುತ್ತಿದ್ದರು, ನಡುವೆ ಮಕ್ಕಳು, ಎಲ್ಲರ ಹಿಂದೆ ನಾನು. ಯಾರೂ ಹಿಂದೆ ಉಳಿಯದಂತೆ ನೋಡಿಕೊಳ್ಳುವವರು ಒಬ್ಬರು ಬೇಕಲ್ಲ. ಕೊನೆಯಲ್ಲಿ ನಡೆಯುವವರಿಗೆ ಕಾಣುವುದು ಬೆನ್ನುಗಳು, ಬೆನ್ನಿಗೆ ಕಟ್ಟಿದ ಚೀಲಗಳು. ಮುಂದೆ "ಅಕೋ ಮಂಗಟ್ಟೆ!" ಎಂದು ಕೂಗು ಎದ್ದರೆ ನಾನು ಅಲ್ಲಿಗೆ ತಲುಪುವ ಹೊತ್ತಿಗೆ ಹಕ್ಕಿ ಹಾರಿಹೋಗಿ ಕೊಂಬೆಯಷ್ಟೇ ಅಲ್ಲಾಡುತ್ತಿರುತ್ತಿತ್ತು. ಅಷ್ಟು ವರ್ಷ ಹೊಳೆಯಲ್ಲಿ ನಡೆದೂ ನೀರುನಾಯಿಯನ್ನು ಕಣ್ಣಾರೆ ನೋಡಿದ್ದು ಒಂದೇ ಸಲ. ಅದೂ ನಾನೊಬ್ಬಳೇ ದಾರಿ ಗುರುತಿಸಲು ಮುಂಚಿತವಾಗಿ ಹೋಗಿದ್ದಾಗ. ಬಂಡೆಯ ಮೇಲೆ ಕೂತು ಮೀನನ್ನು ತಲೆಯಿಂದ ಕಡಿಯುತ್ತಿತ್ತು. ನೋಡು ಎಂದು ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸಂಜೆ ಕೋಣೆಗೆ ಬಂದು ಅನ್ನ ಬಸಿಯುವಾಗ ಗೋಡೆಗೆ ಹೇಳಿದೆ.

ಕೆಲಸದ ರೀತಿ ನನ್ನ ಕಣ್ಣೆದುರೇ ಬದಲಾಯಿತು. ಶುರುವಿನಲ್ಲಿ ನಮ್ಮ ಹತ್ತಿರ ಇದ್ದದ್ದು ಚಾ ಸೋಸುವ ಜರಡಿ, ಬಿಳಿಯ ಪಿಂಗಾಣಿ ತಟ್ಟೆ, ಒಂದು ಭೂತಕನ್ನಡಿ. ಹರಿಯುವ ನೀರಿನ ಕಲ್ಲನ್ನು ಎತ್ತಿ ಅಡಿಮಗುಚಿದರೆ ಅದಕ್ಕೆ ಅಂಟಿಕೊಂಡ ಮರಿಹುಳುಗಳು ಕಾಣುತ್ತವೆ. ಬಾಲದಲ್ಲಿ ಮೂರು ಎಳೆ ಇರುವವು ಕೆಲವು, ಮರಳಿನ ಗೂಡು ಕಟ್ಟಿಕೊಂಡು ಅದರೊಳಗೆ ಕೂತಿರುವವು ಕೆಲವು. ಕೊಳಕು ನೀರಿನಲ್ಲಿ ಇವು ಬದುಕುವುದಿಲ್ಲ. ಇವು ಇದ್ದರೆ ಹೊಳೆ ಚೆನ್ನಾಗಿದೆ ಎಂದು ಅರ್ಥ. ಆಮೇಲೆ ಬಣ್ಣ ಬದಲಿಸುವ ಪಟ್ಟಿಗಳು ಬಂದವು, ಬ್ಯಾಟರಿಯ ಯಂತ್ರ ಬಂತು, ಕೊನೆಗೆ ಫೋನು. ಈಗಿನ ಮಕ್ಕಳು ಹುಳುವಿನ ಫೋಟೋ ತೆಗೆದ ಮೇಲೆ ಹುಳುವನ್ನು ನೋಡುತ್ತಾರೆ. ಬೈಯುತ್ತಿಲ್ಲ. ನನಗಿಂತ ಬೇಗ ಹೆಸರು ಹೇಳುತ್ತಾರೆ.

ಸರ್‌ಗೆ ಗುರುತು ಹಿಡಿಯುವುದರಲ್ಲಿ ಸ್ವಲ್ಪ ಅವಸರ. ಒಮ್ಮೆ ಶಾಲ್ಮಲಾ ಹೊಳೆಯ ಮರಳಿನಲ್ಲಿ ಹೆಜ್ಜೆ ಗುರುತು ನೋಡಿ, ಮಕ್ಕಳನ್ನು ಸುತ್ತ ನಿಲ್ಲಿಸಿಕೊಂಡು, ನೀರುನಾಯಿಯ ಬೆರಳುಗಳ ನಡುವಿನ ಚರ್ಮದ ಬಗ್ಗೆ ಚೆಂದದ ಪಾಠ ಮಾಡಿದರು. ಪಾಠ ಮುಗಿಯುವ ಹೊತ್ತಿಗೆ ಅಡುಗೆಯ ಗಣಪಣ್ಣನ ನಾಯಿ ಬಂದು ಅದೇ ಹೆಜ್ಜೆಗಳ ಪಕ್ಕ ಅಂಥದ್ದೇ ಹೆಜ್ಜೆ ಇಟ್ಟುಕೊಂಡು ಹೋಯಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಸರ್ ಕೂಡ ನಕ್ಕರು. ಆಗ ನಗುವುದು ಸುಲಭ ಇತ್ತು, ಯಾರ ಮನೆಯೂ ಹಾಳಾಗಿರಲಿಲ್ಲ.

ನಡಿಗೆ ಮುಗಿದ ದಿನ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಅಳು, ಅಪ್ಪುಗೆ. "ಭಾಗಕ್ಕ, ದಿನಾ ಫೋನ್ ಮಾಡ್ತೀವಿ." ಹುಬ್ಬಳ್ಳಿ ಬಸ್ಸು, ಹಾವೇರಿ ಬಸ್ಸು, ಕುಮಟಾ ಬಸ್ಸು ಒಂದೊಂದಾಗಿ ಹೊರಡುತ್ತಿದ್ದವು. ಪ್ರತಿ ತಂಡಕ್ಕೂ ಫೋನಿನಲ್ಲಿ ಒಂದು ಗುಂಪು. ಮೊದಲ ವಾರ ಫೋಟೋಗಳ ಸುರಿಮಳೆ, ಆಮೇಲೆ ಬರೀ ಶುಭೋದಯ, ಆಮೇಲೆ ಅದೂ ಇಲ್ಲ. ಅಂಥ ಗುಂಪುಗಳು ನನ್ನ ಫೋನಿನಲ್ಲಿ ಇನ್ನೂ ಇವೆ. ಎಲ್ಲರೂ ಬಿಟ್ಟು ಹೋದ ಮೇಲೂ ಕೆಲವುಗಳಲ್ಲಿ ನಾನು ಇದ್ದೇನೆ.

ಇಂಥ ಕೆಲಸದಲ್ಲಿ ನನಗೆ ನಡುವೆ ಒಂದು ಮನೆ ಸಿಕ್ಕಿತ್ತು. ಸಿದ್ದಾಪುರದ ಕಡೆ ಅಘನಾಶಿನಿಗೆ ಸೇರುವ ಒಂದು ಹಳ್ಳದ ದಂಡೆಯಲ್ಲಿ ದ್ಯಾವಣ್ಣ, ಅವನ ಹೆಂಡತಿ ಮಾದೇವಿ. ಸ್ವಂತ ಗದ್ದೆ ಇದ್ದ ರೈತರು. ನಮ್ಮ ನಡಿಗೆಯ ಮೊದಲ ತಂಗುದಾಣ ಅವರ ಅಂಗಳ. ಮಕ್ಕಳು ಅಂಗಳದಲ್ಲಿ ಚಾಪೆ ಹಾಸಿಕೊಂಡರೆ ಮಾದೇವಿ ನನ್ನನ್ನು ಕೈ ಹಿಡಿದು ಒಳಗೆ ಎಳೆಯುತ್ತಿದ್ದಳು. "ನೀವ್ ಅಲ್ಲೆಂತಕ್ಕೆ ಮಲಗ್ತ್ರಿ? ಒಳಗೆ ಬನ್ನಿ. ಮೊದ್ಲು ಚಾ ಕುಡೀರಿ, ಆಮೇಲೆ ಮಾತು" ಎನ್ನುತ್ತಿದ್ದಳು. ನಾನು ಒಲೆಯ ಪಕ್ಕ ಕೂತು ತೆಂಗಿನಕಾಯಿ ತುರಿದು ಕೊಡುತ್ತಿದ್ದೆ. ನನ್ನ ಮೊಣಕಾಲು ನೋವಿನಿಂದ ಹಿಡಿದು ಅವಳ ಅತ್ತೆಯ ಕಿರಿಕಿರಿಯವರೆಗೆ ಎಲ್ಲ ಮಾತು ಅಲ್ಲಿ ಆಗುತ್ತಿತ್ತು. ನಡಿಗೆ ಇಲ್ಲದ ತಿಂಗಳುಗಳಲ್ಲೂ ನೆಪ ಮಾಡಿಕೊಂಡು ಹೋಗಿ ಬರುತ್ತಿದ್ದೆ. ಒಂದು ಸಲ ತಿಂಗಳಾನುಗಟ್ಟಲೆ ಹೋಗದಿದ್ದಾಗ ದ್ಯಾವಣ್ಣನೇ ಶಿರಸಿಗೆ ಬಂದವನು ನನ್ನ ಕೋಣೆ ಹುಡುಕಿ, "ಮಾದೇವಿ ಕೇಳ್ತಾ ಇದ್ಲು, ಭಾಗಕ್ಕಂಗೆ ಎಂತ ಆತು ಅಂತ" ಎಂದು ಬಾಳೆಗೊನೆ ಇಟ್ಟು ಹೋಗಿದ್ದ. ನಾನು ಬರುತ್ತೇನೋ ಇಲ್ಲವೋ ಎಂದು ಗಮನಿಸುತ್ತಿದ್ದದ್ದು ಆ ಮನೆಯವರು ಮಾತ್ರ.

ಆ ವರ್ಷ ದ್ಯಾವಣ್ಣ ಮೊದಲ ಸಲ ಶುಂಠಿ ಹಾಕಿದ್ದ. ನಾವು ಹೋದಾಗ ಶುಂಠಿ ಕಿತ್ತು, ಪಂಪು ಹಚ್ಚಿ, ಹಳ್ಳದ ದಂಡೆಯ ಮೇಲೆ ರಾಶಿ ತೊಳೆಯುವ ಕೆಲಸ ನಡೆದಿತ್ತು. ಅಂಗಳದ ತುಂಬ ಶುಂಠಿ ಚೀಲ ಇದ್ದುದರಿಂದ ನಾವು ಅವನ ಗದ್ದೆಯಿಂದ ಸ್ವಲ್ಪ ಕೆಳಗೆ, ಹಳ್ಳದ ತಿರುವಿನಲ್ಲಿ ಡೇರೆ ಹಾಕಿದೆವು.

ಇಲ್ಲಿ ನಮ್ಮ ಒಂದು ನಿಯಮ ಹೇಳಬೇಕು. ನಡಿಗೆಯಲ್ಲಿ ಸೋಪು, ಪೌಡರು ನಿಷಿದ್ಧ. ಸರ್ ಮೊದಲ ದಿನವೇ ಎಲ್ಲರ ಚೀಲ ಹುಡುಕಿಸಿ ಶಾಂಪೂ ಪೊಟ್ಟಣಗಳನ್ನು ತೆಗೆದಿಟ್ಟುಕೊಳ್ಳುತ್ತಿದ್ದರು. ಪಾತ್ರೆಗೂ ತಲೆಗೂ ಅಂಟುವಾಳವೇ. "ನಮ್ಮಜ್ಜಿಯರು ಬಳಸಿದ್ದು, ಮರದಲ್ಲಿ ಬೆಳೆದದ್ದು, ಹೊಳೆಗೆ ಏನೂ ಆಗೂದಿಲ್ಲ" ಎನ್ನುತ್ತಿದ್ದರು. ಊರವರಿಗೂ ಅದು ಬಹಳ ಹಿಡಿಸಿತ್ತು. ಗಣಪಣ್ಣ ಆ ಸಲ ತಂಡ ದೊಡ್ಡದೆಂದು ಬುಟ್ಟಿಗಟ್ಟಲೆ ಅಂಟುವಾಳ ಜಜ್ಜಿ ಹಂಡೆಯಲ್ಲಿ ನೆನೆಹಾಕಿ, ಅನ್ನದ ಚರಿಗೆ, ಸಾರಿನ ಪಾತ್ರೆ ಎಲ್ಲ ತೊಳೆದು, ಉಳಿದ ನೀರನ್ನು ಹಳ್ಳಕ್ಕೆ ಚೆಲ್ಲಿದ. ಹಿಂದಿನ ವರ್ಷಗಳಲ್ಲಿ ಹಿಡಿಯಷ್ಟು ಅಂಟುವಾಳ ಸಾಕಾಗುತ್ತಿತ್ತು. ಇಲ್ಲಿ ಪಾತ್ರೆ ತೊಳೆಯುತ್ತಿದ್ದದ್ದೂ ಮಾದೇವಿಯ ಬಾವಿಕಟ್ಟೆಯಲ್ಲಿ. ಆ ನೀರು ಬಾಳೆಬುಡಕ್ಕೆ ಹೋಗುತ್ತಿತ್ತು.

ಮರುದಿನ ಬೆಳಿಗ್ಗೆ ಡೇರೆಯಿಂದ ಕೆಳಗೆ ಹಳ್ಳದ ಗುಂಡಿಯಲ್ಲಿ ಮಕ್ಕಳು ಕಲ್ಲೆತ್ತಿದರೆ ಎಲ್ಲ ಸತ್ತ ಹುಳುಗಳು. ಸಣ್ಣ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಒಬ್ಬ ಹುಡುಗಿ ಅಳಲು ಶುರು ಮಾಡಿದಳು. ಎಲ್ಲರೂ ತಲೆಯೆತ್ತಿ ನೋಡಿದರೆ ಹಳ್ಳದ ಮೇಲುಗಡೆ ದ್ಯಾವಣ್ಣನ ಪಂಪು, ಶುಂಠಿಯ ರಾಶಿ. ಶುಂಠಿಗೆ ಹೊಡೆಯುವ ಔಷಧಿಯ ಬಗ್ಗೆ ಗೊತ್ತಿಲ್ಲದವರು ಈ ಕಡೆ ಯಾರಿದ್ದಾರೆ? "ಆದರೆ ನೀರು ತಿಳಿಯಾಗಿದೆಯಲ್ಲ, ಶುಂಠಿಯ ಮಣ್ಣು ಬಂದಿಲ್ಲ" ಎಂದು ನಾನು ಒಂದು ಮಾತು ಅಂದೆ. "ವಿಷಕ್ಕೆ ಬಣ್ಣ ಇರೂದಿಲ್ಲ ಭಾಗೀರಥಿ" ಎಂದರು ಸರ್. ನನಗೂ ಸರಿ ಕಂಡಿತು.

ಅದೇ ದಿನ ಕೆಳಗಿನ ಊರಿನ ಶಾಲೆಯಲ್ಲಿ ನಮ್ಮ ಸಭೆ. ಆ ಊರಿಗೆ ಕುಡಿಯುವ ನೀರು ಅದೇ ಹಳ್ಳದ್ದು. ಸರ್ ಸತ್ತ ಮೀನನ್ನು ಬಾಟಲಿಯಲ್ಲಿ ಎತ್ತಿ ಹಿಡಿದು, ಶುಂಠಿ ತೊಳೆಯುವ ಜಾಗದ ಕೆಳಗೆ ಹಳ್ಳ ಸತ್ತಿದೆ ಎಂದು ಹೇಳಿದರು. ದ್ಯಾವಣ್ಣನ ಹೆಸರು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ, ಆ ಹಳ್ಳದ ದಂಡೆಯಲ್ಲಿ ಶುಂಠಿ ಬೆಳೆದವನು ಅವನೊಬ್ಬನೇ. ಸಭೆ ಮುಗಿಯುವ ಮೊದಲೇ ನಾಲ್ಕು ಜನ ಎದ್ದು ಹೋಗಿ ಪಂಪು ನಿಲ್ಲಿಸಿದರು. ನಾವು ವ್ಯಾನು ಹತ್ತಿ ಯಲ್ಲಾಪುರದ ಕಡೆ ಹೊರಟೆವು. ದಾರಿಯಲ್ಲಿ ಅವರ ಮನೆ ಸಿಕ್ಕಿತು. ಮಾದೇವಿ ಅಂಗಳದಲ್ಲಿ ನಿಂತಿದ್ದಳು, ಕೈ ಬೀಸಲಿಲ್ಲ.

ಎರಡನೆಯ ತಂಗು ಇಡಗುಂದಿಯಿಂದ ಆಚೆ, ಬೇಡ್ತಿಗೆ ಸೇರುವ ಒಂದು ಕಾಡುಹಳ್ಳ. ಮೇಲೆ ಗದ್ದೆಯಿಲ್ಲ, ತೋಟವಿಲ್ಲ, ಮನೆಯಿಲ್ಲ. ಬಂದ ಸಂಜೆ ಕಲ್ಲೆತ್ತಿದರೆ ಹುಳುಗಳೇ ಹುಳುಗಳು. ಮರುದಿನ ಬೆಳಿಗ್ಗೆ ಅದೇ ಜಾಗದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

ಬನವಾಸಿ ಕಡೆಯ ಶಿವಲೀಲಾ ಎಂಬ ಹುಡುಗಿ ತಂಡದಲ್ಲಿದ್ದಳು. ಅವಳ ಅಪ್ಪ ಶುಂಠಿ ವ್ಯಾಪಾರಿ. ಸಿದ್ದಾಪುರದ ಸಭೆಯಿಂದ ಮುಖ ಗಂಟು ಹಾಕಿಕೊಂಡೇ ಇದ್ದಳು. ಅವಳು ನನ್ನ ಹತ್ತಿರ ಬಂದು, "ಅಕ್ಕಾರ, ಇಲ್ಲಿ ಶುಂಠಿ ಎಲ್ಲೈತ್ರಿ? ಮ್ಯಾಲೆ ಬರೇ ಕಾಡು ಐತಿ. ಅಲ್ಲೂ ಇಲ್ಲೂ ಇದ್ದಾವ್ರು ನಾವಷ್ಟ ಅಲ್ರಿ?" ಎಂದಳು.

ನಾನು ಹಳ್ಳದ ದಂಡೆ ಹಿಡಿದು ಮೇಲೆ ಹೋದೆ. ಗಣಪಣ್ಣ ಪಾತ್ರೆ ತೊಳೆದ ಜಾಗದಲ್ಲಿ ಬಂಡೆಯ ಸಂದಿಗೆ ನೊರೆ ಸಿಕ್ಕಿಕೊಂಡಿತ್ತು. ಅಲ್ಲಿಂದ ಮೇಲೆ ಕಲ್ಲೆತ್ತಿದರೆ ಹುಳುಗಳು ಓಡಾಡುತ್ತಿದ್ದವು, ಕೆಳಗೆ ಒಂದೂ ಇಲ್ಲ. ಎರಡು ತಟ್ಟೆಗೆ ಹಳ್ಳದ ನೀರು ತುಂಬಿ, ಒಂದಕ್ಕೆ ಹಂಡೆಯ ಅಂಟುವಾಳದ ನೀರು ಒಂದು ಚಮಚ ಹಾಕಿ, ಎರಡರಲ್ಲೂ ಹುಳು ಬಿಟ್ಟು ಶಿವಲೀಲಾ ಮತ್ತು ನಾನು ಕೂತು ನೋಡಿದೆವು. ಚಹಾ ಕುದಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತುಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ತೋರಿಸಿದ ಎನ್ನುತ್ತಾರಲ್ಲ, ಹಾಗಾಗಿತ್ತು ನಮ್ಮ ಕಥೆ. ಗಣಪಣ್ಣ ತಲೆಯ ಮೇಲೆ ಕೈ ಹೊತ್ತು, "ಅಯ್ಯೋ ದೇವ್ರೇ, ಆನು ಒಳ್ಳೇದು ಹೇಳಿ ಜಜ್ಜಿದ್ದು! ಎಂತ ಆಗೋತೇ ತಂಗಿ ಇದು!" ಎಂದು ಅಲ್ಲೇ ಕೂತುಬಿಟ್ಟ.

ತಟ್ಟೆಗಳನ್ನು ಸರ್‌ಗೆ ತೋರಿಸಿದೆ. ಬಹಳ ಹೊತ್ತು ನೋಡಿದರು. ವಿಷಯ ಅವರಿಗೆ ಒಂದೇ ಸಲಕ್ಕೆ ಅರ್ಥವಾಗಿತ್ತು.

"ಈಗಲೇ ವಾಪಸ್ ಹೋಗಿ ಹೇಳೋಣ ಸರ್" ಎಂದೆ.

"ಹೇಳೋಣ. ವರದಿಯಲ್ಲಿ ಬರೆಯೋಣ."

"ವರದಿ ಯಾರು ಓದ್ತಾರೆ ಸರ್? ಅಲ್ಲಿ ಪಂಪು ನಿಂತಿದೆ. ಶುಂಠಿ ದಂಡೆ ಮೇಲಿದೆ."

"ಭಾಗೀರಥಿ, ಇಷ್ಟು ವರ್ಷ ಸೋಪು ಬೇಡ, ಅಂಟುವಾಳ ಬಳಸಿ ಅಂತ ಊರೂರಲ್ಲಿ ಹೇಳಿದವನು ನಾನು. ಈಗ ಹೋಗಿ ಹೀಗಂದ್ರೆ ನಾಳೆ ನಮ್ಮ ಯಾವ ಮಾತನ್ನ ಯಾರು ನಂಬ್ತಾರೆ? ಹೊಳೆಗೇ ನಷ್ಟ."

ಅವರು ಸುಳ್ಳುಗಾರರಲ್ಲ. ಹೊಳೆಯ ಮೇಲಿನ ಪ್ರೀತಿಯಿಂದಲೇ ಹಾಗೆ ಅಂದರು. ಅದಕ್ಕೇ ನನಗೆ ಇನ್ನೂ ಕಷ್ಟವಾಯಿತು. ಕೆಟ್ಟವರ ಎದುರು ನಿಲ್ಲುವುದು ಸುಲಭ. ಮೊದಲ ಸಲ ಸಾಲಿನ ಕೊನೆಯ ಜಾಗ ಬಿಟ್ಟು ರಸ್ತೆಗೆ ಬಂದು ಬಸ್ಸು ಹಿಡಿದೆ. ಯಲ್ಲಾಪುರದಿಂದ ಶಿರಸಿ, ಶಿರಸಿಯಿಂದ ಸಿದ್ದಾಪುರ, ಅಲ್ಲಿಂದ ಹಳ್ಳಿ ಬಸ್ಸು. ಬಸ್ಸಿನಲ್ಲಿ ಅತ್ತುಬಿಟ್ಟೆ ಎಂದು ಹೇಳಲು ನಾಚಿಕೆಯಿಲ್ಲ.

ನಾನು ಹೋಗಿ ಮುಟ್ಟಿದ್ದು ರೇಶನ್ ಕೊಡುವ ದಿನ. ಅಂಗಡಿಯ ಮುಂದೆ ಊರೆಲ್ಲ ನಿಂತಿತ್ತು. ದ್ಯಾವಣ್ಣನೂ ಇದ್ದ, ಅವನ ಹಿಂದೆ ಮುಂದೆ ನಿಂತವರು ಸ್ವಲ್ಪ ಜಾಗ ಬಿಟ್ಟೇ ನಿಂತಿದ್ದರು. ಅಲ್ಲೇ ನಿಂತು ಗಟ್ಟಿಯಾಗಿ ಹೇಳಿದೆ. ಮೀನು ಸತ್ತದ್ದು ನಮ್ಮ ಅಂಟುವಾಳದಿಂದ, ಶುಂಠಿಯಿಂದ ಅಲ್ಲ, ತಪ್ಪು ನಮ್ಮದು ಎಂದೆ. ಸಾಲಿನಲ್ಲಿದ್ದ ಒಬ್ಬ ಮುದುಕ, "ಅಂಟ್ವಾಳ ಹಾಕಿದ್ರೆ ಮೀನ್ ಸಾಯ್ತದೆ ಅಂತ ನಮ್ಗೂ ಗೊತ್ತಿತ್ತಲ್ರೋ. ದೊಡ್ಡೋರ್ ಹೇಳ್ತಾರೆ ಅಂತ ಸುಮ್ನಿದ್ದೆ" ಎಂದ. ಇನ್ನೊಬ್ಬ, "ಹಂಗಾರೆ ನಾವ್ ಪಂಪ್ ನಿಲ್ಸಿದ್ದು ಸುಮ್‌ಸುಮ್ನೆ ಆತು" ಎಂದ. ಯಾರೂ ದ್ಯಾವಣ್ಣನ ಕಡೆ ನೋಡಲಿಲ್ಲ. ಪಂಪು ಸಂಜೆಯೇ ಶುರುವಾಯಿತು. ಅಷ್ಟರೊಳಗೆ ಶುಂಠಿ ಒಯ್ಯಬೇಕಿದ್ದ ಲಾರಿ ಬೇರೆ ಊರಿಗೆ ಹೋಗಿಯಾಗಿತ್ತು, ರಾಶಿಯ ತಳ ಕೊಳೆಯತೊಡಗಿತ್ತು.

ದ್ಯಾವಣ್ಣ ನನ್ನನ್ನು ಬಸ್ಸಿನ ತನಕ ಕಳಿಸಲು ಬಂದ. ಬಸ್ಸಿನ ಸದ್ದು ಕೇಳಿದ ಮೇಲೆ ಬಾಯಿಬಿಟ್ಟ. "ಶುಂಠಿ ತೊಳೆದ ನೀರು ನಾನ್ ಹಳ್ಳಕ್ಕೆ ಬಿಟ್ಟವನೇ ಅಲ್ಲ ಭಾಗಕ್ಕ. ಕಾಲುವೆ ಕಡಿದು ಗದ್ದೆಗೇ ತಿರುಗ್ಸಿದ್ದೆ. ದಂಡೆ ಹತ್ತಿ ನೋಡಿದ್ರೆ ಕಾಣ್ತಿತ್ತು. ಅವ್ರು ಬಿಡಿ, ಹೊರಗಿನವ್ರು. ನೀವು ಒಂದ್ ಮಾತು ನನ್ನ ಕೇಳ್ಬಹುದಿತ್ತಲ್ಲ."

ಡೇರೆಯಿಂದ ಅವನ ಗದ್ದೆ ಕೂಗಿದರೆ ಕೇಳುವಷ್ಟು ದೂರ. ಹತ್ತಿ ಹೋಗಿ ಕೇಳಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ನಾವು ನೀರನ್ನು ಕೇಳುವವರು, ಮನುಷ್ಯರನ್ನು ಕೇಳುವ ಅಭ್ಯಾಸ ನಮಗಿರಲಿಲ್ಲ. ಈ ಕೆಲಸಕ್ಕೆ ಬರುವ ಮಕ್ಕಳಿಗೆ ನನ್ನಿಂದ ಹೇಳಲಿಕ್ಕಿರುವುದು ಅದೊಂದೇ. ಹೊಳೆಗೆ ಇಳಿಯುವ ಮೊದಲು ದಂಡೆ ಹತ್ತಿ.

ಸರ್ ನನ್ನನ್ನು ಬೈಯಲಿಲ್ಲ, ಕೆಲಸದಿಂದ ತೆಗೆಯಲೂ ಇಲ್ಲ. ಮಾತು ಬಿಟ್ಟರು. ಒಂದೇ ಕೋಣೆಯಲ್ಲಿ ಎರಡು ಮೇಜು, ನಡುವೆ ಒಂದು ಕಪಾಟು. ಹೇಳುವುದನ್ನೆಲ್ಲ ಗಣಪಣ್ಣನ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. ಗಣಪಣ್ಣ ಮೂರು ಹೆಜ್ಜೆ ನಡೆದು ಬಂದು, "ನಾಳೆ ಎಂಟು ಗಂಟೆಗೆ ಬರವಡ ಹೇಳಿ" ಎಂದು, ಎಂಟಕ್ಕೆ ಬರಬೇಕೆಂಬ ಸರ್ ಮಾತನ್ನು ಮುಖ ತಗ್ಗಿಸಿ ಹೇಳಿ ಹೋಗುತ್ತಿದ್ದ. ಅಂಟುವಾಳ ಮಾತ್ರ ಸದ್ದಿಲ್ಲದೆ ನಿಂತಿತು. ಪಾತ್ರೆ ತೊಳೆದ ನೀರನ್ನು ದಂಡೆಯಾಚೆ ಗುಂಡಿ ತೋಡಿ ಅದಕ್ಕೆ ಚೆಲ್ಲುವ ಪದ್ಧತಿ ಬಂತು. ಯಾಕೆ ಎಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಸರ್ ಹಾಸಿಗೆ ಹಿಡಿದಾಗ ನೋಡಲು ಹೋಗಿದ್ದೆ. ಕಣ್ಣು ತೆರೆದು, "ಹೊಳೇಲಿ ನೀರು ಎಷ್ಟಿದೆ?" ಎಂದು ಕೇಳಿದರು. "ಚೆನ್ನಾಗಿದೆ ಸರ್" ಎಂದೆ. ಅಷ್ಟು ವರ್ಷಗಳ ಮೇಲೆ ನಾವಾಡಿದ ಮಾತು ಅಷ್ಟೇ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಅಳು ಬಂತು.

ನಡಿಗೆಯ ದಾರಿಯಿಂದ ದ್ಯಾವಣ್ಣನ ಹಳ್ಳವನ್ನು ಅಂದೇ ಕೈಬಿಡಲಾಗಿತ್ತು. ನಾನೂ ಹೋಗಲಿಲ್ಲ. ಹೋಗಬೇಕೆಂದು ಎಷ್ಟು ಸಲ ಚೀಲ ತುಂಬಿದೆನೋ. ನನ್ನ ಕೊನೆಯ ವರ್ಷದ ನಡಿಗೆಗೆ ದಾರಿ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅದೇ ಹಳ್ಳ ಬರೆದೆ. ದ್ಯಾವಣ್ಣನಿಗೆ ಫೋನು ಮಾಡಿ, ಬರಬಹುದೇ ಎಂದು ಕೇಳಿದೆ.

"ಬನ್ನಿ ಬನ್ನಿ, ಬ್ಯಾಡ ಅನ್ನೋರ್ ಯಾರು? ಹಳ್ಳ ಎಲ್ಲರ್ದೂ. ಶಾಲೇಲಿ ಉಳೀಬಹುದು. ಬೀಗದಕೈ ನಾನೇ ಇಸ್ಕೊಂಡ್ ಇಟ್ಟಿರ್ತೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅಂಗಳದ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಳ್ಳ ಬಹಳ ಚೆನ್ನಾಗಿತ್ತು. ಕಲ್ಲೆತ್ತಿದಲ್ಲೆಲ್ಲ ಹುಳು. ಬಂಡೆಯ ಮೇಲೆ ಏಡಿಚಿಪ್ಪು ತುಂಬಿದ ನೀರುನಾಯಿಯ ಹಿಕ್ಕೆ, ಈ ಸಲ ನಿಜವಾದದ್ದೇ. ಮಕ್ಕಳು ಕುಣಿದಾಡಿದರು. ನಾನು ಅವರನ್ನು ಕಲ್ಲಿಗೆ ಕೈ ಹಾಕಲು ಬಿಡುವ ಮೊದಲು ದಂಡೆಯ ಪ್ರತಿ ಮನೆಗೂ ಕರೆದುಕೊಂಡು ಹೋಗಿ ಹಳ್ಳದ ವಿಷಯ ಕೇಳಿಸಿದ್ದೆ. ದ್ಯಾವಣ್ಣನೂ ಅಂಗಳದ ತುದಿಯಲ್ಲಿ ನಿಂತು ಅವರಿಗೆ ಎಲ್ಲ ವಿವರಿಸಿದ, ಕಾಲುವೆ ತೋರಿಸಿದ. ಮಾದೇವಿ ಗದ್ದೆಗೆ ಹೋಗಿದ್ದಾಳೆ ಎಂದ.

ಹೊರಡುವ ಬೆಳಿಗ್ಗೆ, ಮುಂದಿನ ತಂಗಿಗೆ ನಡೆದು ಹೋಗಲು ಮಕ್ಕಳನ್ನು ದಾರಿಯಲ್ಲಿ ಸಾಲು ನಿಲ್ಲಿಸಿ, ಬೀಗದಕೈ ಕೊಡಲು ನಾನೊಬ್ಬಳೇ ಹೋದೆ. ಮಾದೇವಿ ಬಾಗಿಲಿಗೆ ಬಂದಳು. ಕೂದಲು ಬಹಳ ಬೆಳ್ಳಗಾಗಿತ್ತು. "ಆರಾಮಾ?" ಎಂದಳು. "ಆರಾಮು. ನೀನು?" ಎಂದೆ. ಬೀಗದಕೈ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಚಾ ಮಾಡ್ತಿದ್ದೆ ಭಾಗಕ್ಕ. ಇವತ್ತು ಹಾಲಿಲ್ಲ" ಎಂದಳು.

ಮನೆಯ ಪಕ್ಕದ ಕೊಟ್ಟಿಗೆಯಲ್ಲಿ ದ್ಯಾವಣ್ಣ ಹಾಲು ಕರೆಯುತ್ತಿದ್ದ. ತಂಬಿಗೆಗೆ ಹಾಲು ಬೀಳುವ ಸದ್ದು ನಮ್ಮಿಬ್ಬರಿಗೂ ಕೇಳುತ್ತಿತ್ತು.

"ಇರ್ಲಿ ಮಾದೇವಿ, ನಂಗೂ ಬಸ್ಸಿಗೆ ಹೊತ್ತಾತು" ಎಂದೆ. ನಾವು ನಡೆದೇ ಹೋಗುವವರು ಎಂದು ಅವಳಿಗೆ ಗೊತ್ತಿತ್ತು.